ಗೋಡೆಯ ಆಚೆ ಕಾಕಾ, ಈಚೆ ಬಾಡಿಗೆದಾರರು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹ ರೂಪ)

ನಿಮ್ಮಲ್ಲಿ ಎಷ್ಟೋ ಜನ ಒಂದು ಊರಲ್ಲಿ ಮನೆ ಮಾಡಿ, ಇನ್ನೊಂದು ಊರಲ್ಲಿ ಬದುಕುತ್ತಿರುವವರು. ಮುಂಬಯಿಯಲ್ಲಿ ದುಡಿದು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಮನೆ ಕಟ್ಟಿಸಿದವರಿದ್ದೀರಿ. ಡೊಂಬಿವಲಿಯ ಫ್ಲ್ಯಾಟು ಬಿಟ್ಟು ಮಗನ ಜೊತೆ ಪುಣೆಗೆ ಹೋದ ನಮ್ಮಂಥವರೂ ಇದ್ದೀರಿ. ಮನೆ ಖಾಲಿ ಬಿಟ್ಟರೆ ಗೆದ್ದಲು, ಬಾಡಿಗೆಗೆ ಕೊಟ್ಟರೆ ತಲೆನೋವು. ಬಾಡಿಗೆದಾರರ ತಲೆನೋವಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಸರಿಯಾದ ಹೊತ್ತಿಗೆ ಬಾಡಿಗೆ ಕೊಡಲಿಲ್ಲ, ಗೋಡೆಗೆ ಮೊಳೆ ಹೊಡೆದರು, ಬಿಡು ಅಂದರೆ ಬಿಡಲಿಲ್ಲ, ಹೀಗೆ. ಆದರೆ ಬಾಡಿಗೆಗೆ ಬಂದವರು ಒಳ್ಳೆಯವರೇ ಆಗಿದ್ದು, ಪಕ್ಕದ ಮನೆಯವರು ಅವರನ್ನು ನಿಲ್ಲಗೊಡದಿದ್ದರೆ ಏನು ಮಾಡಬೇಕು? ನನಗೆ ಬಂದದ್ದು ಆ ಕಷ್ಟ. ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಈವತ್ತು ನಿಮ್ಮೆದುರು ಹೇಳಬೇಕೆಂದು ಬಂದಿದ್ದೇನೆ.

ನಾವು ಡೊಂಬಿವಲಿ ಪೂರ್ವದಲ್ಲಿ ಫ್ಲ್ಯಾಟು ತೆಗೆದುಕೊಂಡದ್ದು 1991ರಲ್ಲಿ. ಮೂರನೆಯ ಮಾಳಿಗೆ, ಒಂದು ಹಾಲು, ಒಂದು ಬೆಡ್‌ರೂಮು, ಅಡುಗೆಮನೆ. ಲಿಫ್ಟಿಲ್ಲ. ನಮ್ಮವರು ಆಗ ಫೋರ್ಟಿನಲ್ಲಿ ನೌಕರಿಗಿದ್ದರು, ಬೆಳಿಗ್ಗೆ 7.52ರ ಲೋಕಲ್ಲಿಗೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. ಕುಮಟೆಯ ದೊಡ್ಡ ಅಂಗಳದ ಮನೆಯಿಂದ ಬಂದ ನನಗೆ ಆ ಮನೆ ಮೊದಲಿಗೆ ಬೆಂಕಿಪೊಟ್ಟಣದ ಹಾಗೆ ಕಂಡಿತ್ತು. ಆಮೇಲೆ ಅದೇ ಅರಮನೆಯಾಯಿತು. ಇಪ್ಪತ್ತೈದು ವರ್ಷ ಅಲ್ಲೇ ಇದ್ದೆವು.

ನಮ್ಮ ಪ್ಯಾಸೇಜಿನಲ್ಲಿ ಎರಡೇ ಮನೆ. ಎದುರಿಗಲ್ಲ, ಮಗ್ಗುಲಿಗೆ. ನಡುವೆ ಒಂದೇ ಗೋಡೆ. ಆ ಮನೆಯವರನ್ನು ನಾವೆಲ್ಲ ಕಾಕಾ ಅನ್ನುತ್ತೇವೆ. ಸರಕಾರಿ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಆಗಿ ನಿವೃತ್ತರಾದವರು, ಮದುವೆ ಆಗಿಲ್ಲ. ತಾಯಿ ತೀರಿಕೊಂಡ ಮೇಲೆ ಒಬ್ಬರೇ. ನಮಗೂ ಅವರಿಗೂ ಯಾವತ್ತೂ ಜಗಳ ಬಂದದ್ದಿಲ್ಲ. ಸಂಕ್ರಾಂತಿಗೆ ತಿಳಗುಳ, ದೀಪಾವಳಿಗೆ ಚಕ್ಕುಲಿ ಹೋಗಿ ಬರುತ್ತಿದ್ದವು. ಉಳಿದ ದಿನ ಮೆಟ್ಟಿಲಲ್ಲಿ ಸಿಕ್ಕರೆ ತಲೆ ಅಲ್ಲಾಡಿಸುವುದು, ಅಷ್ಟೇ. ಬಿಲ್ಡಿಂಗಿನ ಬೇರೆಯವರು ಅವರನ್ನು ‘ಖಡೂಸ್’ ಅಂದರೆ ನಾನು, ಪಾಪ, ಹಾಗೇನಿಲ್ಲ ಅನ್ನುತ್ತಿದ್ದೆ.

2016ರಲ್ಲಿ ನಮ್ಮವರ ಮೊಣಕಾಲು ಮೂರು ಮಾಳಿಗೆ ಹತ್ತಲು ಒಲ್ಲೆ ಅಂದಿತು. ಮಗ ಪುಣೆಯಲ್ಲಿದ್ದ, ಕೋಥ್ರೂಡಿನಲ್ಲಿ ಲಿಫ್ಟಿದ್ದ ಮನೆ. ಹೊರಟೆವು. ಡೊಂಬಿವಲಿಯ ಮನೆಗೆ ಬ್ರೋಕರು ಹನ್ನೆರಡು ದಿನದಲ್ಲೇ ಬಾಡಿಗೆಯವರನ್ನು ಹುಡುಕಿಕೊಟ್ಟ. ತಿಂಗಳಿಗೆ 9,500 ರೂಪಾಯಿ, ಡಿಪಾಸಿಟ್ 30,000. ಅದೇ ದುಡ್ಡಿನಲ್ಲಿ ನಮ್ಮವರ ಔಷಧ, ನನ್ನ ಕೈಖರ್ಚು. ಮಗನ ಎದುರು ಕೈ ಚಾಚಬಾರದು ಎಂಬ ಹಟ ನಿಮಗೂ ಗೊತ್ತಿರಬಹುದು.

ಮೊದಲು ಬಂದವರು ಮೂವರು ಹುಡುಗರು. ಐರೋಲಿಯ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ನಾಲ್ಕೇ ತಿಂಗಳು ಇದ್ದರು. ಬೂಟು ಪ್ಯಾಸೇಜಿನಲ್ಲಿ ಬಿಟ್ಟರು, ಬಾಗಿಲು ಧಡಾರನೆ ಹಾಕಿದರು ಎಂದು ಕಾಕಾ ಸೊಸೈಟಿಗೆ ಪತ್ರದ ಮೇಲೆ ಪತ್ರ ಬರೆದರು. ಪತ್ರ ಅಂದರೆ ಸುಮ್ಮನೆ ಪತ್ರ ಅಲ್ಲ. ಹೆಡ್‌ಕ್ಲಾರ್ಕು ನೋಡಿ! ತಾರೀಖು, ವೇಳೆ, ವಿಷಯ, ಸಂದರ್ಭ, ಹಿಂದಿನ ಪತ್ರದ ಉಲ್ಲೇಖ, ಕೆಳಗೆ ಗೆರೆ ಎಳೆದ ಸಹಿ. ಸೆಕ್ರೆಟರಿ ಅವನ್ನೆಲ್ಲ ನನ್ನ ಮೊಬೈಲಿಗೆ ಕಳಿಸುತ್ತಿದ್ದರು. ಹುಡುಗರಲ್ಲವೇ, ಗಲಾಟೆ ಮಾಡಿರುತ್ತಾರೆ ಅಂದುಕೊಂಡೆ.

ಎರಡನೆಯವಳು ಒಬ್ಬ ನರ್ಸು, ಜೊತೆಗೆ ಅವಳ ತಾಯಿ. ಆ ಹುಡುಗಿ ಎರಡನೇ ಪಾಳಿ ಮುಗಿಸಿ ರಾತ್ರಿ ಹನ್ನೊಂದೂವರೆಗೆ ಬರುತ್ತಿದ್ದಳು. ‘ಅವೇಳೆಯಲ್ಲಿ ಬರುವ ಹೆಣ್ಣುಮಗಳು’ ಎಂದು ಪತ್ರ ಬಂತು. ಓದಿ ನನಗೆ ಮೈ ಉರಿಯಿತು. ಆದರೆ ಪುಣೆಯಲ್ಲಿ ಕೂತವಳು ಉರಿದು ಏನು ಮಾಡುವುದು? ಸೆಕ್ರೆಟರಿಗೆ ಫೋನು ಮಾಡಿ ಒಂದೆರಡು ಮಾತು ಹೇಳಿದೆ. ಅವಳು ಏಳು ತಿಂಗಳಿದ್ದು ಬಿಟ್ಟು ಹೋದಳು.

ಮೂರನೆಯವರ ಕಥೆಗೆ ಬರುತ್ತೇನೆ. 2018ರ ಜನವರಿ. ಬ್ರೋಕರು ಬೇಡ, ನಮ್ಮವರನ್ನೇ ನೋಡೋಣ ಎಂದು ಪರಿಚಯದವರ ಮೂಲಕ ಕೇಳಿದಾಗ ಬಾಗಲಕೋಟೆ ಕಡೆಯ ಗಂಡ ಹೆಂಡತಿ ಸಿಕ್ಕರು. ಅವನಿಗೆ ಠಾಣೆಯಲ್ಲಿ ಕೆಲಸ. ಅವಳಿಗೆ ಆಗ ಏಳು ತಿಂಗಳು. ಮನೆ ತೋರಿಸಲು ನಾನೇ ಪುಣೆಯಿಂದ ಹೋಗಿದ್ದೆ. ಅಡುಗೆಮನೆ ನೋಡಿದಳು, ನಳ ತಿರುಗಿಸಿ ನೋಡಿದಳು, ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದಳು. ಕೊನೆಗೆ ಹೊರಡುವಾಗ, “ಅಕ್ಕಾರ, ಬಾಜೂ ಮನ್ಯಾವ್ರು ಹೆಂಗದಾರ್ರಿ?” ಅಂದಳು.

ನಾನು, “ಒಳ್ಳೆಯವರಮ್ಮ, ವಯಸ್ಸಾದವರು, ಅವರಷ್ಟಕ್ಕೆ ಇರುತ್ತಾರೆ” ಅಂದೆ.

ಕೇಳುಗರೆ, ಅದರಲ್ಲಿ ಒಂದು ಮಾತೂ ಪೂರ್ತಿ ಸುಳ್ಳಲ್ಲ. ವಯಸ್ಸಾದವರು ಹೌದು. ನಮ್ಮ ಮಟ್ಟಿಗೆ ಒಳ್ಳೆಯವರೂ ಹೌದು. ಆದರೆ ಎರಡು ವರ್ಷದೊಳಗೆ ಎರಡು ಬಿಡಾರ ಎದ್ದುಹೋದದ್ದು ನನಗೆ ಗೊತ್ತಿತ್ತು. ಮನೆ ಎರಡು ತಿಂಗಳಿಂದ ಖಾಲಿ ಇತ್ತು, ಬಾಡಿಗೆ ಬಂದಿರಲಿಲ್ಲ, ಮೆಂಟೆನನ್ಸು ಕೈಯಿಂದ ಕಟ್ಟಿದ್ದೆವು. ಕನ್ನಡದವರು ಬೇರೆ. ಹೇಳಿದರೆ ಎಲ್ಲಿ ಬೇಡ ಅನ್ನುತ್ತಾರೋ ಎಂದು ನುಂಗಿಕೊಂಡೆ.

ಎಪ್ರಿಲಿನಲ್ಲಿ ಹೆರಿಗೆಯಾಯಿತು. ಊರಿಗೆ ಹೋಗದೆ ಅವಳ ತಾಯಿಯೇ ಇಲ್ಲಿಗೆ ಬಂದರು. ಬಾಣಂತಿ ಮನೆ ಅಂದಮೇಲೆ ಬೆಳಗಿನ ಐದಕ್ಕೇ ನೀರು ಕಾಯಿಸುವುದು, ಖಾರ ಅರೆಯುವುದು, ಕೂಸಿನ ಅಳು. ಗೋಡೆಯ ಆಚೆಯಿಂದ ಕಾಕಾ ಕೋಲಿನಿಂದ ಕುಟ್ಟತೊಡಗಿದರು. ಕೂಸು ಅತ್ತಾಗ ಅಲ್ಲ, ಆಮೇಲೆ ತಿಳಿಯಿತು. ಆದರೆ ಆ ಹುಡುಗಿಗೆ ಅನ್ನಿಸಿದ್ದು, ತನ್ನ ಕೂಸು ಅತ್ತರೆ ಗೋಡೆ ಬಡಿಯುತ್ತಾರೆ ಎಂದು. ಒಂದು ರಾತ್ರಿ ಕೂಸನ್ನು ಎತ್ತಿಕೊಂಡು ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳಂತೆ, ಸದ್ದು ಹೊರಗೆ ಹೋಗದಿರಲಿ ಎಂದು.

ಜೂನ್ ಮೊದಲ ವಾರ ಫೋನು ಬಂತು. ಬಿಡುತ್ತೇವೆ ಅಂದಳು. ಯಾಕಮ್ಮ ಅಂದೆ, ಗೊತ್ತಿಲ್ಲದವಳ ಹಾಗೆ. ಅಷ್ಟರಲ್ಲಿ ಅವಳಿಗೆ ಕೆಳಗಿನ ಮನೆಯವರು ಹಿಂದಿನ ಬಿಡಾರಗಳ ಕಥೆ ಹೇಳಿಯಾಗಿತ್ತು.

“ನಿಮಗ ಮೊದಲs ಗೊತ್ತಿತ್ತಲ್ರೀ ಅಕ್ಕಾರ. ನಾ ಕೇಳಿದ್ದೆ. ಆವಾಗರ ಹೇಳಬಹುದಿತ್ತಲ್ರೀ.”

ಬೈದಿದ್ದರೆ ನಾನೂ ಒಂದು ಮಾತು ಆಡಿ ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ.

ಇನ್ನು ಡಿಪಾಸಿಟ್ಟಿನ ವಿಷಯ. ಕರಾರಿನಲ್ಲಿ ಆರು ತಿಂಗಳ ಲಾಕ್‌ಇನ್ ಇತ್ತು, ಅದರ ಮೊದಲು ಬಿಟ್ಟರೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳಬಹುದೆಂದು. ಅವರು ಬಿಟ್ಟದ್ದು ಐದು ತಿಂಗಳಿಗೆ. ನಮ್ಮವರು, “ಕರಾರು ಅಂದಮೇಲೆ ಕರಾರು” ಅಂದರು. ಅವರ ಲೆಕ್ಕ ತಪ್ಪಲ್ಲ. ನಾನು ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ ಬ್ಯಾಂಕಿಗೆ ಹೋಗಿ ಪೂರ್ತಿ 30,000 ಕಳಿಸಿದೆ. “ಬಂತ್ರಿ” ಎಂದು ಒಂದು ಶಬ್ದದ ಮೆಸೇಜು ಬಂತು. ಆಮೇಲೆ ಅವಳು ನನ್ನ ಜೊತೆ ಮಾತಾಡಿಲ್ಲ.

ಈ ವಿಷಯ ಕಾನೂನು ಬಲ್ಲ ನನ್ನ ಭಾವನೊಬ್ಬನ ಹತ್ತಿರ ಹೇಳಿಕೊಂಡೆ. ಅವನು ನಕ್ಕು, “ಅತ್ತಿಗೆ, ಕಾನೂನಿನ ಪ್ರಕಾರ ನೀವು ಹೇಳಬೇಕಾಗಿಯೇ ಇರಲಿಲ್ಲ” ಅಂದ. ಅವನು ವಿವರಿಸಿದ್ದು ಹೀಗೆ. ಮಹಾರಾಷ್ಟ್ರದಲ್ಲಿ ನಾವು ಮಾಡಿಕೊಡುವುದು ಹೆಚ್ಚಾಗಿ ಲೀವ್ ಅಂಡ್ ಲೈಸೆನ್ಸ್ ಕರಾರು. ಲೈಸೆನ್ಸ್ ಅಂದರೇನು ಎಂಬುದನ್ನು ಹೇಳುವುದು 1882ರ ಈಸ್‌ಮೆಂಟ್ಸ್ ಆಕ್ಟ್. ಅದರ 57ನೇ ಕಲಮಿನಲ್ಲಿ, ಜಾಗ ಕೊಡುವವನು ತನಗೆ ಗೊತ್ತಿರುವ, ತೆಗೆದುಕೊಳ್ಳುವವನಿಗೆ ಗೊತ್ತಿಲ್ಲದ ದೋಷವನ್ನು ತಿಳಿಸಬೇಕೆಂದು ಇದೆ. ಆದರೆ ಎಂಥ ದೋಷ? ಮೈಗೋ ವಸ್ತುವಿಗೋ ಅಪಾಯ ತರುವಂಥದ್ದು. ಸಡಿಲಾದ ಸ್ಲ್ಯಾಬು, ಶಾಕ್ ಹೊಡೆಯುವ ಸ್ವಿಚ್ಚು. ಅದೇ ವರ್ಷದ ಟ್ರಾನ್ಸ್‌ಫರ್ ಆಫ್ ಪ್ರಾಪರ್ಟಿ ಆಕ್ಟಿನ 108ನೇ ಕಲಮಿನಲ್ಲಿ ಲೀಸಿಗೆ ಕೊಡುವವನ ಮೇಲೆ ಇನ್ನೂ ಸ್ವಲ್ಪ ದೊಡ್ಡ ಹೊಣೆ ಇದೆ, ಆದರೆ ಅಲ್ಲೂ ಮಾತು ಆಸ್ತಿಯ ದೋಷದ ಬಗ್ಗೆ. “ನಿಮ್ಮ ಕಾಕಾ ಸ್ಲ್ಯಾಬೂ ಅಲ್ಲ, ಸ್ವಿಚ್ಚೂ ಅಲ್ಲ” ಅಂದ ಭಾವ.

ಅಂದರೆ ಕಾನೂನಿನಲ್ಲಿ ನಾನು ಪಾರು. ಆದರೆ ಅವಳು ಬಾಯಿಬಿಟ್ಟು ಕೇಳಿದ್ದಳಲ್ಲ! ಅದಕ್ಕೆ ಯಾವ ಕಲಮು?

ಮತ್ತೆ ಬಾಡಿಗೆಗೆ ಕೊಡುವ ಮೊದಲು ಕೆಲವು ದಿನ ನಾನೇ ಆ ಮನೆಯಲ್ಲಿ ಇದ್ದು ನೋಡುತ್ತೇನೆ ಅಂದೆ. ಬಣ್ಣ ಬಳಿಸುವ ನೆವ. ಮಗ ಹುಚ್ಚು ಅಂದ. ಜುಲೈಯಲ್ಲಿ ಹೋಗಿ ಹತ್ತು ದಿನ ಇದ್ದೆ, ಹಾಸಿಗೆ ಒಂದು, ಕುಕ್ಕರ್ ಒಂದು, ಮಿಕ್ಸರ್ ಒಂದು.

ಎರಡು ದಿನ ಕಾಕಾ ಬಾಗಿಲು ತೆಗೆಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಇಡ್ಲಿಗೆ ನೆನೆಹಾಕಿದ್ದೆ, ಐದೂವರೆಗೆ ಎಚ್ಚರಾಯಿತು, ಪೇಂಟರು ಎಂಟಕ್ಕೇ ಬರುತ್ತಾನೆ ಎಂದು ಮಿಕ್ಸರಿಗೆ ಹಾಕಿದೆ. ಆಚೆಯಿಂದ ಢಬ್ ಢಬ್ ಎಂದು ಕುಟ್ಟಿದರು. ನನಗೆ! ಇಪ್ಪತ್ತೈದು ವರ್ಷದ ನೆರೆಯವಳಿಗೆ!

ಸೆರಗು ಸರಿಮಾಡಿಕೊಂಡು ನೇರ ಹೋಗಿ ಅವರ ಬೆಲ್ಲು ಒತ್ತಿದೆ. ಬಾಗಿಲು ತೆಗೆದವರು ನನ್ನನ್ನು ನೋಡಿ ತಬ್ಬಿಬ್ಬಾದರು. ಬಾಡಿಗೆಯವರು ಬಂದಿದ್ದಾರೆ ಅಂದುಕೊಂಡಿದ್ದರಂತೆ. “ಒಳಗೆ ಬನ್ನಿ ವಹಿನಿ” ಅಂದರು. ನಾನು ಅವರ ಒಳಕೋಣೆಗೆ ಅದುವರೆಗೆ ಹೋಗಿದ್ದು ಒಂದೇ ಸಲ, ಅವರ ತಾಯಿ ತೀರಿಕೊಂಡ ದಿನ. ಈಗ ಆ ಕೋಣೆಯಲ್ಲಿ ಅದೇ ಮಂಚ, ಅದೇ ಗೋಡೆಗೆ ತಲೆ. ಗೋಡೆಯಲ್ಲಿ ಒಂದು ಪುಟ್ಟ ಹಲಗೆ, ಅದರ ಮೇಲೆ ಕನ್ನಡಕ, ಮಾತ್ರೆ, ಸ್ಟೀಲಿನ ಲೋಟದಲ್ಲಿ ನೀರು.

ಎಂಟು ಗಂಟೆಗೆ ಪೇಂಟರನ ಹುಡುಗ ಬಂದಾಗ ಕಾಕಾ ನನ್ನನ್ನು ಮತ್ತೆ ಕರೆದರು. “ನಿಮ್ಮ ಹುಡುಗನಿಗೆ ಮಿಕ್ಸರ್ ಹಾಕಲು ಹೇಳಿ” ಅಂದರು. ಹುಡುಗ ಹಾಕಿದ. ಕಾಕಾ ಒಂದು ಮಾತೂ ಆಡದೆ ಆ ಲೋಟವನ್ನು ತೋರಿಸಿದರು. ಲೋಟದ ನೀರಿನ ಮೇಲೆ ಸಣ್ಣ ಸಣ್ಣ ಅಲೆ ಏಳುತ್ತಿತ್ತು. ಹಲಗೆಯ ಮೇಲಿನ ಮಾತ್ರೆಯ ಡಬ್ಬಿ ಗರಗರ ಅನ್ನುತ್ತಿತ್ತು.

“ಭಿಂತ ಪಾತಳ ಆಹೆ, ವಹಿನಿ.” ಗೋಡೆ ತೆಳು.

ನಮ್ಮ ಅಡುಗೆಕಟ್ಟೆಯ ಕಡಪಾ ಕಲ್ಲನ್ನು ಕೂರಿಸಿರುವುದೇ ಆ ಗೋಡೆಯೊಳಗೆ. ಗೋಡೆ ಅಂದರೆ ಅರ್ಧ ಇಟ್ಟಿಗೆಯದು, ನಾಲ್ಕೂವರೆ ಇಂಚು. ಆ ಕಾಲದ ಬಿಲ್ಡಿಂಗುಗಳಲ್ಲಿ ನೀವೂ ನೋಡಿರುತ್ತೀರಿ. ಕಲ್ಲಿನ ಮೇಲೆ ಮಿಕ್ಸರು ತಿರುಗಿದರೆ ಅದು ಸದ್ದಾಗಿ ಗಾಳಿಯಲ್ಲಿ ಬರುವುದಲ್ಲ, ನಡುಕವಾಗಿ ಕಲ್ಲಿನಿಂದ ಗೋಡೆಗೆ, ಗೋಡೆಯಿಂದ ಅವರ ಮಂಚಕ್ಕೆ, ತಲೆಬುರುಡೆಗೆ. ಕಬ್ಬಿಣದ ಸೇಫ್ಟಿ ಬಾಗಿಲು ಬಡಿದರೂ ಅದೇ.

“ಹಾಗಾದರೆ ಇಪ್ಪತ್ತೈದು ವರ್ಷ ನೀವು ಯಾಕೆ ಹೇಳಲಿಲ್ಲ?” ಅಂದೆ.

“ನೀವು ಏಳಕ್ಕಿಂತ ಮೊದಲು ಮಿಕ್ಸರ್ ಹಾಕುತ್ತಲೇ ಇರಲಿಲ್ಲವಲ್ಲ” ಅಂದರು.

ಆಗ ನೆನಪಾಯಿತು. ನಾವು ಬಂದ ಹೊಸದರಲ್ಲಿ ಅವರ ತಾಯಿ ಆ ಮಂಚದ ಮೇಲೇ ಹಾಸಿಗೆ ಹಿಡಿದಿದ್ದರು. ರಾತ್ರಿಯೆಲ್ಲ ನಿದ್ದೆ ಇಲ್ಲದೆ ಬೆಳಗಿನ ಜಾವ ಕಣ್ಣು ಮುಚ್ಚುತ್ತಾರೆ, ಬೆಳಿಗ್ಗೆ ಸ್ವಲ್ಪ ತಡವಾಗಿ ಹಾಕಿದರೆ ಉಪಕಾರ ಎಂದು ಕಾಕಾ ಬಂದು ಕೇಳಿಕೊಂಡಿದ್ದರು. ಅವತ್ತಿನಿಂದ ನಾನು ಹಿಂದಿನ ರಾತ್ರಿಯೇ ಎಲ್ಲ ರುಬ್ಬಿಡುವ ರೂಢಿ ಮಾಡಿಕೊಂಡೆ. ಬಾಗಿಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಹಾಕುವುದು, ಪಾತ್ರೆ ಕವುಚುವಾಗ ಕೆಳಗೆ ಬಟ್ಟೆ ಹಾಸುವುದು, ಎಲ್ಲ ಆಗಿನದೇ. ಆ ಅಜ್ಜಿ 1994ರಲ್ಲಿ ತೀರಿಕೊಂಡರು. ಕಾರಣ ಮರೆತುಹೋಯಿತು, ರೂಢಿ ಉಳಿಯಿತು. ನಾವು ಮನೆ ಬಿಟ್ಟು ಪುಣೆಗೆ ಹೋದಾಗ ಆ ರೂಢಿಯೂ ನಮ್ಮ ಜೊತೆ ಸಾಮಾನಿನ ಲಾರಿಯಲ್ಲಿ ಹೋಯಿತು. ಬಾಡಿಗೆಯವರಿಗೆ ನಾನು ಕೊಟ್ಟದ್ದು ಬೀಗದ ಕೈ ಮಾತ್ರ.

ಹಾಗೆಂದು ಕಾಕಾ ಬಡಪಾಯಿ, ನಾವೇ ತಪ್ಪಿತಸ್ಥರು ಎಂದು ನಾನು ಹೇಳುತ್ತಿಲ್ಲ. ಅವತ್ತೇ ಅವರ ಎದುರು ಕೂತು ಕೇಳಿದೆ. ಮಿಕ್ಸರಿನ ಮಾತು ಒಪ್ಪಿದೆ, ಆದರೆ ಆ ನರ್ಸು ಹುಡುಗಿ ರಾತ್ರಿ ಹನ್ನೊಂದೂವರೆಗೆ ಬಂದರೆ ನಿಮ್ಮ ಯಾವ ಲೋಟ ಅಲುಗಾಡಿತು? ಬಿಲ್ಡಿಂಗಿನ ಮರ್ಯಾದೆ ಅಂದರು. ನೀವು ಆಸ್ಪತ್ರೆ ಸೇರಿದರೆ ರಾತ್ರಿ ನಿಮ್ಮನ್ನು ನೋಡಿಕೊಳ್ಳುವವಳು ಅಂಥವಳೇ ಅಂದೆ. ಅವರು ಚಹಾದ ಬಶಿ ನೋಡುತ್ತ ಕೂತರು. ತಪ್ಪಾಯಿತು ಅಂತೇನೂ ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ.

ಅವತ್ತು ರಾತ್ರಿ ಸೆಕ್ರೆಟರಿ ಕಳಿಸಿದ್ದ ಪತ್ರಗಳನ್ನೆಲ್ಲ ತೆಗೆದು ಕೂತೆ. ಒಟ್ಟು ಹದಿನೇಳು. ಓದಿ ಎರಡು ಪಾಲು ಮಾಡಿದೆ. ಗೋಡೆಯಿಂದ, ಬಾಗಿಲಿಂದ, ನೀರಿನಿಂದ ಬಂದ ದೂರುಗಳು ಹನ್ನೊಂದು. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಏನು ಉಟ್ಟರು ಎಂಬವು ಆರು. ಹನ್ನೊಂದಕ್ಕೆ ನಾನು ಮನೆಯೊಡತಿಯಾಗಿ ಹೊಣೆ. ಆ ಆರಕ್ಕೆ ಒಂದು ಪೈಸೆಯ ಹೊಣೆಯೂ ಇಲ್ಲ, ನನ್ನ ಬಾಡಿಗೆಯವರಿಗಂತೂ ಇಲ್ಲವೇ ಇಲ್ಲ. ಮೊದಲು ನಾನು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ, ಕಾಕಾ ಖಡೂಸ್ ಅಂದುಬಿಟ್ಟಿದ್ದೆ. ಅದರಿಂದ ಆ ಹನ್ನೊಂದೂ ಉಳಿದವು, ಆರೂ ಉಳಿದವು. ನಿಮಗೆ ಇಂಥ ನೆರೆಯವರಿದ್ದರೆ, ಸಿಟ್ಟು ಇಳಿದ ಮೇಲೆ ಇದೊಂದು ಕೆಲಸ ಮಾಡಿ ನೋಡಿ. ಪಾಲು ನಿಮ್ಮಲ್ಲಿ ಬೇರೆ ಬಂದೀತು.

ಹನ್ನೊಂದರ ಕೆಲಸಕ್ಕೆ ತಗಲಿದ ಖರ್ಚು ಮೂರು ಸಾವಿರದೊಳಗೆ. ಮಿಕ್ಸರಿನ ಪ್ಲಗ್ಗನ್ನು ಎದುರಿನ ಗೋಡೆಗೆ ಬದಲಿಸಿ, ಅಲ್ಲಿ ನೆಲದ ಮೇಲೆ ನಿಲ್ಲುವ ಮರದ ಪುಟ್ಟ ಮೇಜು ಇಡಿಸಿದೆ, ಕೆಳಗೆ ದಪ್ಪ ರಬ್ಬರು. ಬಾಗಿಲ ಚೌಕಟ್ಟಿಗೆ ರಬ್ಬರಿನ ಪಟ್ಟಿ, ಮೇಲೆ ತಾನೇ ಮೆಲ್ಲಗೆ ಮುಚ್ಚುವ ಡೋರ್ ಕ್ಲೋಸರ್. ಬೂಟಿಗೆ ಬಾಗಿಲ ಒಳಗೇ ಒಂದು ಸ್ಟ್ಯಾಂಡು. ಕಾಕಾನ ಮಂಚವನ್ನು ಆಚೆ ಗೋಡೆಗೆ ಸರಿಸಿಕೊಡುತ್ತೇನೆ ಅಂದೆ, ಪೇಂಟರನ ಹುಡುಗರಿದ್ದರಲ್ಲ. ಒಪ್ಪಲಿಲ್ಲ. ತಾಯಿ ಮಲಗಿದ ಜಾಗ ಅದು. ನಾನೂ ಒತ್ತಾಯಿಸಲಿಲ್ಲ.

ಆರರ ಕೆಲಸಕ್ಕೆ ಬೇಕಾದದ್ದು ಬೇರೆ ಸಾಮಾನು. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ, ಮಹಾರಾಷ್ಟ್ರದಲ್ಲಿ ಮನೆ ಇರುವವರಿಗೆ ಉಪಯೋಗ ಆದೀತು. ಸೊಸೈಟಿಯಲ್ಲಿ ಒಬ್ಬ ನೆರೆಯವರು ಗಟ್ಟಿಯಾಗಿ ಕೂಗಿದರೆ ಕಮಿಟಿಯವರು ಸುಲಭದ ದಾರಿ ಹಿಡಿದು, ನಿಮ್ಮ ಬಾಡಿಗೆಯವರನ್ನು ಬಿಡಿಸಿ ಅನ್ನುತ್ತಾರೆ. ಬ್ಯಾಚಲರ್ ಬೇಡ, ಒಂಟಿ ಹೆಂಗಸು ಬೇಡ, ನಮ್ಮ ಎನ್‌ಒಸಿ ಇಲ್ಲದೆ ಕೊಡಕೂಡದು ಎಂಬ ಮಾತೂ ಬರುತ್ತದೆ. 2014ರ ಮಾದರಿ ಬೈಲಾಗಳಲ್ಲಿ ಬಾಡಿಗೆಗೆ ಕೊಡಲು ಸೊಸೈಟಿಯ ಅನುಮತಿ ಬೇಕಿಲ್ಲ. ಎಂಟು ದಿನ ಮೊದಲು ಲಿಖಿತವಾಗಿ ತಿಳಿಸಿ, ಕರಾರಿನ ಪ್ರತಿ ಮತ್ತು ಪೊಲೀಸರಿಗೆ ಕೊಟ್ಟ ಮಾಹಿತಿಯ ಪ್ರತಿ ಕೊಟ್ಟರಾಯಿತು. ನಿಮ್ಮ ಸೊಸೈಟಿ ಯಾವ ಬೈಲಾ ಅಂಗೀಕರಿಸಿದೆ ಎಂಬುದನ್ನು ಮೊದಲು ಕೇಳಿ ಪ್ರತಿ ತೆಗೆದುಕೊಳ್ಳಿ. ನಾನ್ ಆಕ್ಯುಪೆನ್ಸಿ ಚಾರ್ಜು ಎಂದು ಮನಸ್ಸಿಗೆ ಬಂದಷ್ಟು ಹಾಕುವಂತಿಲ್ಲ. 2001ರ ಆಗಸ್ಟಿನ ಸರಕಾರಿ ಆದೇಶದ ಪ್ರಕಾರ ಅದು ಸರ್ವಿಸ್ ಚಾರ್ಜಿನ ಶೇಕಡಾ 10ನ್ನು ಮೀರಕೂಡದು. ಮುನಿಸಿಪಾಲಿಟಿಯ ತೆರಿಗೆ ಆ ಲೆಕ್ಕಕ್ಕೆ ಸೇರುವುದಿಲ್ಲ.

ಆದರೆ ಇಷ್ಟು ಗಟ್ಟಿಯಾಗಿ ಮಾತಾಡಬೇಕಾದರೆ ನಮ್ಮ ಕಾಗದ ನೆಟ್ಟಗಿರಬೇಕು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೇ ಕಲಮಿನಂತೆ ಕರಾರು ಲಿಖಿತವಾಗಿರಬೇಕು, ರಿಜಿಸ್ಟರ್ ಆಗಿರಬೇಕು. ಮಾಡಿಸುವ ಹೊಣೆ ಮನೆಯ ಮಾಲಿಕರದು, ಬಾಡಿಗೆಯವರದಲ್ಲ. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಮ್ಮ ಮೊದಲ ಇಬ್ಬರ ಕರಾರು ನೋಟರಿ ಕಾಗದದ್ದು. ಬ್ರೋಕರು, ಎಲ್ಲರೂ ಹಾಗೇ ಮಾಡುತ್ತಾರೆ ಅಂದಿದ್ದ. ನರ್ಸು ಹುಡುಗಿಯ ಪರವಾಗಿ ನಾನು ಸೊಸೈಟಿಯಲ್ಲಿ ದನಿ ಎತ್ತದಿದ್ದುದಕ್ಕೆ ಅದೂ ಒಂದು ಕಾರಣ. ನನ್ನ ಕಾಲೇ ಕೆಸರಲ್ಲಿತ್ತು. ಚೆನ್ನೈನ ಕೇಳುಗರೆ, ನಿಮ್ಮಲ್ಲೂ 2019ರಿಂದ ಜಾರಿಯಲ್ಲಿರುವ 2017ರ ಕಾಯಿದೆ ಲಿಖಿತ ಕರಾರು ಬೇಕೇ ಬೇಕು ಅನ್ನುತ್ತದೆ.

ಸದ್ದಿನ ಬಗ್ಗೆ ಒಂದು ಮಾತು. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದಿದೆ. ರಾತ್ರಿ ಅಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಆ ಲೆಕ್ಕದಲ್ಲಿ ಬೆಳಗಿನ ಐದೂವರೆ ಇನ್ನೂ ರಾತ್ರಿ. ನಮ್ಮ ಕಡೆಯವರಿಗೆ ಇದು ನಂಬಲು ಕಷ್ಟ, ನಮಗೆ ಐದೂವರೆ ಅಂದರೆ ಅರ್ಧ ಕೆಲಸ ಮುಗಿದ ಹೊತ್ತು. ಡೆಸಿಬಲ್ ಹಿಡಿದು ಯಾರೂ ಕೂಸಿನ ಅಳು ಅಳೆಯಬೇಕಾಗಿಲ್ಲ, ಮಿಕ್ಸರಿನ ಮಾತು ಹೇಳಿದೆ ಅಷ್ಟೆ.

ನಾಲ್ಕನೆಯ ಬಿಡಾರ ಬಂದದ್ದು ಆ ವರ್ಷದ ಗಣೇಶ ಚೌತಿ ಆದ ಮೇಲೆ. ಅಂಬರನಾಥದ ಕಾರ್ಖಾನೆಯಲ್ಲಿ ಕೆಲಸದವನು, ಹೆಂಡತಿ, ಶಾಲೆಗೆ ಹೋಗುವ ಮಗಳು. ಈ ಸಲ ಅವರು ಕೇಳುವ ಮೊದಲೇ ಕೂರಿಸಿ ಹೇಳಿದೆ. ಪಕ್ಕದವರು ಹೀಗೆ, ಮೂರು ಬಿಡಾರ ಹೋಗಿದೆ, ಇದು ಇದು ನಾನು ಸರಿಮಾಡಿಸಿದ್ದೇನೆ, ಇದು ಇದು ನನ್ನ ಕೈಯಲ್ಲಿಲ್ಲ. ಬೆಳಿಗ್ಗೆ ಏಳರ ಮೊದಲು ಮಿಕ್ಸರ್ ಬೇಡ. ಅವರೇನಾದರೂ ನಿಮ್ಮ ಬಂದುಹೋಗುವುದರ ಬಗ್ಗೆ ಮಾತಾಡಿದರೆ ಉತ್ತರ ಕೊಡಬೇಡಿ, ನನಗೆ ಫೋನು ಮಾಡಿ, ಸೊಸೈಟಿಯ ಎದುರು ನಾನು ಬಂದು ನಿಲ್ಲುತ್ತೇನೆ. ನಿಮಗೆ ಆಗದಿದ್ದರೆ ಯಾವಾಗ ಬೇಕಾದರೂ ಬಿಡಿ, ಲಾಕ್‌ಇನ್ ಇಲ್ಲ.

ಬ್ರೋಕರು ಪಕ್ಕದಲ್ಲಿ ಕೂತು ಹಣೆ ಚಚ್ಚಿಕೊಂಡ. “ಆಂಟಿ, ಹೀಗೆ ಹೇಳಿದರೆ ಯಾರು ಬರುತ್ತಾರೆ?” ಎಂದು ಕಣ್ಣಲ್ಲೇ ಕೇಳಿದ.

ಆ ಮನುಷ್ಯ ಹೆಂಡತಿಯ ಮುಖ ನೋಡಿದ. ಆಮೇಲೆ, “ಬಾಡಿಗೆಯಲ್ಲಿ ಐದುನೂರು ಕಡಿಮೆ ಮಾಡಿ” ಅಂದ. ಮಾಡಿದೆ. ಪಕ್ಕದ ಮನೆಯ ಕಾಕಾನ ಬೆಲೆ ತಿಂಗಳಿಗೆ 500 ರೂಪಾಯಿ ಎಂದು ನಮ್ಮವರು ಈಗಲೂ ಹೇಳಿ ನಗುತ್ತಾರೆ. ಹಿಂದೆ ನಾವು ಖಾಲಿ ಬಿಟ್ಟ ತಿಂಗಳುಗಳ ಲೆಕ್ಕ ಹಾಕಿದರೆ ಅದು ದೊಡ್ಡ ಬೆಲೆಯೇನಲ್ಲ.

ಅವರು ಸಾಮಾನು ತರುವ ಹಿಂದಿನ ದಿನ ಮೂವರನ್ನೂ ಕರೆದುಕೊಂಡು ಹೋಗಿ ಕಾಕಾನ ಮನೆಯಲ್ಲಿ ಐದು ನಿಮಿಷ ಕೂರಿಸಿದೆ. ಹೆಸರು ಹೇಳಿದರು, ಊರು ಹೇಳಿದರು. ಹುಡುಗಿ ಯಾವ ಶಾಲೆ ಎಂದು ಕಾಕಾ ಕೇಳಿದರು, ಅಕ್ಷರ ಹೇಗಿದೆ ಎಂದು ವಹಿ ತರಿಸಿ ನೋಡಿದರು, ಚೆನ್ನಾಗಿಲ್ಲ ಅಂದರು. ಹುಡುಗಿಯ ಮುಖ ಸಣ್ಣದಾಯಿತು. ನಾನು ಎದ್ದುಬಿಟ್ಟೆ, ಇನ್ನು ಸ್ವಲ್ಪ ಹೊತ್ತು ಕೂತರೆ ಮಾತು ಕೆಡುತ್ತದೆ ಎಂದು. ಮೊದಲಿನ ಮೂರು ಬಿಡಾರಕ್ಕೂ ಈ ಐದು ನಿಮಿಷ ನಾನು ಮಾಡಿರಲಿಲ್ಲ. ಕಾಕಾನ ಮಟ್ಟಿಗೆ ಅವರೆಲ್ಲ ಗೋಡೆಯ ಆಚೆಯ ಸದ್ದು, ಅಷ್ಟೇ.

ಆ ಸಂಸಾರ ಇನ್ನೂ ಅಲ್ಲೇ ಇದೆ. ಕರಾರು ಮುಗಿದಾಗೆಲ್ಲ ಹೊಸದು ಮಾಡಿಸಿ ರಿಜಿಸ್ಟರ್ ಮಾಡುತ್ತ ಬಂದಿದ್ದೇವೆ. 2020ರಲ್ಲಿ ಎಲ್ಲರೂ ಮನೆಯೊಳಗೆ ಕೂತಿದ್ದಾಗ ಕಾಕಾನಿಗೆ ಹಾಲು, ಮಾತ್ರೆ ತಂದುಕೊಟ್ಟವರು ಅವರೇ. ಅದಕ್ಕಾಗಿ ಕಾಕಾ ಮೆತ್ತಗಾಗಿದ್ದಾರೆ ಎಂದು ನಾನು ಹೇಳಿದರೆ ನೀವು ನಂಬಬೇಡಿ. ಅದೇ ವರ್ಷ ಮೂರು ಪತ್ರ ಬಂದಿವೆ.

ಹೋದ ತಿಂಗಳೂ ಒಂದು ಬಂತು. ಸೆಕ್ರೆಟರಿ ಬದಲಾಗಿದ್ದಾರೆ, ಹೊಸಬರು ಗಾಬರಿಯಾಗಿ ನನಗೆ ಫೋನು ಮಾಡಿದರು. ವಿಷಯ: ಬಾಗಿಲ ಮುಂದಿನ ಕಾಲೊರಸು ಅವರ ಕಡೆಗೆ ನಾಲ್ಕು ಇಂಚು ಬಂದಿದೆ. ತಾರೀಖು, ವೇಳೆ, ಹಿಂದಿನ ಪತ್ರದ ಉಲ್ಲೇಖ, ಸಹಿ. ಅಕ್ಷರ ಮಾತ್ರ ಈಗ ಸ್ವಲ್ಪ ನಡುಗುತ್ತದೆ. ಹನ್ನೊಂದರ ಪಾಲಿಗೆ ಸೇರಿಸಿ, ಕಾಲೊರಸು ಸರಿಸಲು ಹೇಳಿದೆ.